ಲ್ಯಾಟಿನ್ ತರಗತಿಗೆ ಹತ್ತು ಹೆಸರು

ಅಯೋವಾ, ಸೆಪ್ಟೆಂಬರ್ 1953

ಮಾನ್ಯ ಪ್ರಾಂಶುಪಾಲರೇ,

ನಮ್ಮ ಹೈಸ್ಕೂಲಿನ ಚರಿತ್ರೆಯಲ್ಲೇ ಕಂಡು ಕೇಳರಿಯದ ಘಟನೆಯೊಂದು ನಡೆದಿದೆ: ಲ್ಯಾಟಿನ್ ತರಗತಿಗೆ ಸರಿಯಾಗಿ ಹತ್ತು ಹೆಸರು ಬಂದಿವೆ. ಹತ್ತಕ್ಕೆ ಒಂದು ಕಡಿಮೆಯಾದರೂ ನನ್ನ ವಿಭಾಗವನ್ನು ಮುಚ್ಚುವುದಾಗಿ ತಾವು ಹೇಳಿದ್ದಿರಿ. ಆದರೂ ನನಗೆ ಅನುಮಾನ. ಆರು ಮಂದಿ ಸರಿ. ಉಳಿದ ನಾಲ್ವರು ಫುಟ್‌ಬಾಲ್ ಆಡುವ ದಾಂಡಿಗರು, ಮರಗೆಲಸ ಕಲಿಸುವ ಹೌಗೆನ್ ಅವರ ಶಿಷ್ಯರು.

"ನಿನಗ್ಯಾಕಯ್ಯಾ ಲ್ಯಾಟಿನ್ನು?" ಎಂದು ಒಬ್ಬನನ್ನು ಹಿಡಿದು ಕೇಳಿದೆ.

"ನಂಗೇನ್ ಗೊತ್ತು ಮಿಸ್! ಸೇರ್ತೀಯೋ, ಇಲ್ಲಾ ವರ್ಷಪೂರ್ತಿ ಬೆಂಚಿಗೆ ಉಪ್ಪುಕಾಗದ ಉಜ್ತೀಯೋ ಅಂದ್ರು ಹೌಗೆನ್ ಸರ್."

ಹೋದ ವರ್ಷ ಕೇಳದೆಯೇ ನನ್ನ ಪುಸ್ತಕದ ಕಪಾಟು ರಿಪೇರಿ ಮಾಡಿದವರೂ ಈ ಹೌಗೆನ್ ಅವರೇ. ಇದರಲ್ಲೇನೋ ಮಸಲತ್ತಿದೆ, ಮುಖಾಮುಖಿ ವಿಚಾರಿಸಲೇಬೇಕು. ದಯವಿಟ್ಟು ವೇಳಾಪಟ್ಟಿಯಲ್ಲಿ ಅವರ ಬಿಡುವನ್ನೂ ನನ್ನ ಬಿಡುವನ್ನೂ ಒಂದೇ ಪೀರಿಯಡ್ಡಿಗೆ ಹಾಕಿಕೊಡಿ.

ಇತಿ,
ಕಾರ್ನೆಲಿಯಾ ಬೀಮರ್
ಲ್ಯಾಟಿನ್ ವಿಭಾಗ (ಪೂರ್ತಿ ನಾನೊಬ್ಬಳೇ)