ಆ ಹೆಜ್ಜೆಗಳು ನನ್ನವು

ಬರ್ಬ್ಯಾಂಕ್,
ಮಾರ್ಚ್ ೯, ೧೯೭೯

ಮುದ್ದಿನ ನೋರೀನ್‌ಗೆ,

ಅಮ್ಮನ ಪ್ರೀತಿಯ ಮುತ್ತುಗಳು. ಉತ್ತರ ತಡವಾಯಿತು, ಸಿಟ್ಟಾಗಬೇಡ. ಸಕ್ಕರೆ ಕಾಯಿಲೆಯ ಹುಣ್ಣು ಹೇಗಿದೆ, ಕಾಲು ಉಳಿಯುತ್ತದಾ ಎಂದು ಮತ್ತೆ ಮತ್ತೆ ಕೇಳಿದ್ದೀಯ. ಅದು ಕೊನೆಗಿರಲಿ. ಮೊದಲು ಸಿನಿಮಾ.

ಸೆಪ್ಟೆಂಬರಿನಲ್ಲಿ ನಿನ್ನ ಪುಟ್ಟ ಥಿಯೇಟರಿನಲ್ಲಿ ಒಂದು ವಾರ ಹಳೆಯ ಹಾಲಿವುಡ್ ಚಿತ್ರಗಳನ್ನೇ ಹಾಕುತ್ತೀಯಂತೆ. ಯಾವುದು ಹಾಕಲಿ ಅಂತ ಸರಿಯಾದವಳನ್ನೇ ಕೇಳಿದೆ ಬಿಡು! ಚಿತ್ರೀಕರಣದಲ್ಲಿ ಮೈಕು ಮಾತನ್ನು ಹಿಡಿಯುತ್ತಿತ್ತೇ ಹೊರತು ಕಾಲಿನ ಸದ್ದನ್ನಲ್ಲ. ಆಮೇಲೆ ಸ್ಟುಡಿಯೋದ ಕತ್ತಲೆ ಕೋಣೆಯಲ್ಲಿ ಪರದೆ ನೋಡುತ್ತಾ ತಾರೆಯರ ಬದಲು ಹೆಜ್ಜೆ ಹಾಕಿ ಆ ಸದ್ದು ಕೊಡುತ್ತಿದ್ದವಳು ನಾನು.

ಮೊದಲ ದಿನ ‘ಕಂದೀಲು ಬೀದಿಯ ವಿಧವೆ’ ಹಾಕು. ಜನ ಕುರ್ಚಿಯ ಕೈ ಬಿಡುವುದಿಲ್ಲ. ಕೊಲೆಗಾರ ಮೆಟ್ಟಿಲು ಹತ್ತುವಾಗ ಮುಖ ಕಾಣುವುದಿಲ್ಲ, ಹೆಜ್ಜೆ ಮಾತ್ರ ಕೇಳುತ್ತದೆ. ಅದರ ಸದ್ದು ತುಂಬುವ ದಿನ ನಮ್ಮ ಧ್ವನಿ ವಿಭಾಗದ ಮುಖ್ಯಸ್ಥ ಹಾರ್ಲನ್ ಕೂಗಾಡಿದ್ದ: “ಏ ಮೇವಿಸ್, ನೀನೀಗ ಆರಡಿ ಕೊಲೆಗಡುಕ ಕಣೇ! ಚರ್ಚಿಗೆ ಹೊರಟೋಳ ಥರ ನಡೀತೀಯಲ್ಲ!”

“ಹಂಗಾದ್ರೆ ನಿನ್ನ ಬೂಟು ಬಿಚ್ಚು ಮಾರಾಯ,” ಅಂದೆ. ಒಳಗೆ ಕಾಲುಚೀಲ ತುರುಕಿ ಅವನ ಬೂಟು ಹಾಕಿಕೊಂಡು, ಬಲಗಾಲನ್ನು ಸ್ವಲ್ಪ ಎಳೆದು ಎಳೆದು ಹತ್ತಿದೆ. ಹಾರ್ಲನ್ ಬೆವರು ಒರೆಸಿಕೊಂಡು, “ತಾಯೀ, ನಂಗೇ ಹೆದರಿಕೆ ಆಯ್ತು” ಅಂದ.

ಮಾರನೇ ದಿನ ನಗಿಸಬೇಕು. ‘ಮಾವನಿಗೊಂದು ಮೊಸಳೆ’ ಹಾಕು. ಮೊಸಳೆ ಅಳಿಯನ ಒಂದು ಬೂಟನ್ನು ನುಂಗಿಬಿಡುತ್ತದೆ, ಅವನು ಉಳಿದೊಂದರಲ್ಲೇ ಮದುವೆಗೆ ಓಡುತ್ತಾನೆ. ಅಭ್ಯಾಸಬಲ ನೋಡು, ನಾನು ಎರಡೂ ಬೂಟು ಹಾಕಿಕೊಂಡೇ ಇಡೀ ದೃಶ್ಯ ಓಡಿದ್ದೆ! ರೆಕಾರ್ಡಿಂಗ್ ಹಾಕಿ ಕೇಳಿಸಿದಾಗ ಎಲ್ಲರೂ ಬಿದ್ದು ಬಿದ್ದು ನಕ್ಕರು. ಬಲಗಾಲಿನದನ್ನು ಬಿಚ್ಚೆಸೆದು ಮತ್ತೆ ಓಡಿದೆ. ಟಕ್, ದಪ್. ಟಕ್, ದಪ್. ನೀನು ಚಿಕ್ಕವಳಿದ್ದಾಗ ಅಡಿಗೆಮನೆಯಲ್ಲಿ “ಅಮ್ಮಾ, ಮೊಸಳೆ ಓಟ ಓಡೇ” ಅಂತ ಕಾಡುತ್ತಿದ್ದೆಯಲ್ಲ, ಅದೇ.

ತೆರೆಯ ಮೇಲೆ ಹಾರ್ಲನ್ ಹೆಸರು ಬಂತು; ನಮ್ಮಂಥವರ ಹೆಸರು ಹಾಕುವ ಪದ್ಧತಿ ಇರಲಿಲ್ಲ. ಹೊಟ್ಟೆ ಉರಿಯುತ್ತಿತ್ತು, ಸುಳ್ಳು ಯಾಕೆ ಹೇಳಲಿ. ನೀನಾದರೂ ದೀಪ ಆರಿಸುವ ಮುನ್ನ ಎದ್ದು ನಿಂತು ಗಟ್ಟಿಯಾಗಿ ಹೇಳು: “ನೀವು ಕೇಳೋ ಹೆಜ್ಜೆ ನಮ್ಮಮ್ಮಂದು.” ಸೌಂಡು ಕಡಿಮೆ ಇಟ್ಟೆಯೋ, ನೋಡು ಮತ್ತೆ! ಈ ಕಾಲುಗಳ ಬಗ್ಗೆ ನನಗೆ ಬಹಳ ಹೆಮ್ಮೆ ಕಣೇ.

ನಿನ್ನ ಥಿಯೇಟರು ತುಂಬಿರಲಿ. ಹೊತ್ತಿಗೆ ಸರಿಯಾಗಿ ಊಟ ಮಾಡು, ಚೆನ್ನಾಗಿರು ಮಗಳೇ.

ನಿನ್ನ ಅಮ್ಮ,
ಮೇವಿಸ್

ತಾ.ಕ.: ಕಾಲು ಉಳಿಯುವುದಿಲ್ಲ. ಸೋಮವಾರ ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆಯುತ್ತಾರೆ. ನನಗೆ ಹೆದರಿಕೆಯಾಗಿದೆ, ನಿನ್ನ ಹತ್ತಿರ ಯಾಕೆ ಮುಚ್ಚಿಡಲಿ. “ಕೃತಕ ಕಾಲಲ್ಲಿ ನಡೆಯೋದನ್ನ ಹೊಸದಾಗಿ ಕಲೀಬೇಕಾಗುತ್ತಮ್ಮ” ಅಂದರು ಡಾಕ್ಟರು. “ಒಂದೊಂದು ಕಾಲಿಗೆ ಒಂದೊಂದು ಸದ್ದು, ಅಷ್ಟೇ ತಾನೇ? ಅದಕ್ಕೇ ಸಂಬಳ ತಗೊಂಡವಳು ನಾನು” ಅಂದುಬಿಟ್ಟೆ. ಮೊಸಳೆ ಚಿತ್ರವನ್ನು ಮಾರನೇ ದಿನ ಬೇಡ, ವಾರದ ಕೊನೆಗೆ ಇಡು. ನಡೆದುಕೊಂಡೇ ಬರುತ್ತೇನೆ. ಬಾಗಿಲ ಕಡೆಯಿಂದ ಟಕ್, ದಪ್ ಅಂತ ಕೇಳಿಸಿದರೆ ಅದು ಚಿತ್ರದ್ದಲ್ಲ.