ಸತ್ತ ಹುಳುಗಳನ್ನು ಪರೀಕ್ಷೆಗೆ ಕಳಿಸಿದವರಿಗೆ

ಮೊರೆತ ನಿಂತ ಶಕೆ ನೂರ ಹದಿನೇಳು, ಕುಂಬಳದ ಹೂವಾರ
ಕಟ್ಟೆಹುಂಡಿ, ಗುಂಡ್ಲುಪೇಟೆ ಸೀಮೆ

ನಮ್ಮೂರ ಜೇನು ಸಾಕಣೆದಾರರ ಸಂಘದ ಹಿರಿಯರೇ,

ಪೂಜ್ಯರೇ ಎಂದು ಬರೆಯುವುದು ವಾಡಿಕೆಯಂತೆ. ನನಗೆ ಕೈ ಬರಲಿಲ್ಲ. ಮೇಲಿನ ತಾರೀಖು ನಿಮಗೆ ಅರ್ಥವಾಗದು. ಅದಕ್ಕೆ ಮಾತ್ರ ಕ್ಷಮೆ ಇರಲಿ. ನಿಮ್ಮ ಪೆಟ್ಟಿಗೆಗಳಲ್ಲಿ ಕೊನೆಯ ಜೇನು ಮೊರೆದು ಸುಮ್ಮನಾದ ವರ್ಷದಿಂದ ನಾವು ಕಾಲ ಎಣಿಸುತ್ತೇವೆ, ಒಂದೊಂದು ಹೂವು ಅರಳುವ ಕಾಲವನ್ನು ಹೂವಾರ ಎನ್ನುತ್ತೇವೆ. ನಾನು ಸಿದ್ದಾಜಮ್ಮ, ಊರಿನ ಪೆಟ್ಟಿಗೆ ಕಾಯುವವಳು. ಈ ಪತ್ರ ನೂರಕ್ಕೂ ಹೆಚ್ಚು ವರ್ಷ ಹಿಂದಿರುವ ನಿಮ್ಮನ್ನು ಹೇಗೆ ತಲುಪುತ್ತದೆ ಎಂದು ವಿವರಿಸಲು ಹೋಗುವುದಿಲ್ಲ. ವಿವರಿಸಿದರೂ ನೀವು ಕೊನೆಯ ಸಾಲನ್ನಷ್ಟೇ ಓದುವ ಜಾತಿ.

ನಮ್ಮ ದಿನಚರಿ ಕೇಳಿ. ಕುಂಬಳದ ಹೂವು ಬಿಸಿಲೇರಿದರೆ ಮುದುಡುತ್ತದೆ. ಹಾಗಾಗಿ ಬೆಳಗಾಗುವ ಮೊದಲೇ ಊರಿಗೆ ಊರೇ ಕುಂಚಗೆಲಸಕ್ಕೆ ಇಳಿಯುತ್ತದೆ. ಕುಂಚಗೆಲಸವೆಂದರೆ ಮೇಕೆಯ ಕಿವಿಕೂದಲಿನ ಕುಂಚದಿಂದ ಗಂಡುಹೂವಿನ ಪುಡಿಯನ್ನು ಹೆಣ್ಣುಹೂವಿಗೆ ಮುಟ್ಟಿಸುವುದು. ಬಸುರಿಯರೂ ಮುದುಕರೂ ಬಗ್ಗಿ ಬಗ್ಗಿ ಸೊಂಟ ಕಳೆದುಕೊಂಡಿದ್ದಾರೆ. ಸೂರ್ಯಕಾಂತಿಗೆ ಬಟ್ಟೆ ಸುತ್ತಿದ ಅಂಗೈ ಸವರುತ್ತೇವೆ. ಸಂಜೆಗೆ ಕೈ ಊದಿ ಮುದ್ದೆ ಮುರಿಯಲೂ ಆಗುವುದಿಲ್ಲ. ಹೆಣ್ಣು ನೋಡಲು ಬಂದವರು ಮೊದಲು ನೋಡುವುದು ಅವಳ ಬೆರಳು. ದೇವರಿಗೆ ಚತುರಮೃತದ ಅಭಿಷೇಕ ಮಾಡುತ್ತೇವೆ. ನಿಮ್ಮ ಕಾಲದಲ್ಲಿ ಐದಿದ್ದವಂತೆ. ಐದನೆಯದನ್ನು ನುಂಗಿದವರು ನೀವೇ.

ಹೇಗೆ ನುಂಗಿದಿರಿ ಎಂಬುದು ನಮ್ಮ ಮಕ್ಕಳ ಮೊದಲ ಪಾಠ. ಹುಳುಗಳ ಕರುಳಿನಲ್ಲಿ ಕಣ್ಣಿಗೆ ಕಾಣದ ಪರೋಪಜೀವಿ ಸೇರಿತ್ತು. ಅದನ್ನು ಪತ್ತೆ ಹಚ್ಚುವ ಯಂತ್ರ ನಿಮ್ಮಲ್ಲಿ ಇತ್ತು! ನೀವು ಡಿಎನ್‌ಎ ಎನ್ನುತ್ತಿದ್ದುದನ್ನು ನಾವು ಒಳಬರಹ ಎನ್ನುತ್ತೇವೆ. ಆ ಯಂತ್ರ ಒಳಬರಹವನ್ನು ಓದಿ ರೋಗದ ಹೆಸರು ಹೇಳುತ್ತಿತ್ತು. ಅದು ಕೇಳಿದ್ದು ಇಷ್ಟೇ: ಹೂವಿನಿಂದ ಮರಳುವ ಹುಳುಗಳಲ್ಲಿ ಒಂದು ಹಿಡಿಯನ್ನು ಬಾಗಿಲಲ್ಲೇ ಹಿಡಿದು, ಜೀವಂತವಾಗಿ ಸ್ಪಿರಿಟ್ಟಿಗೆ ಹಾಕಿ ಕಳಿಸಿ. ನೀವು ಕೈ ಕೈ ಹಿಸುಕಿಕೊಂಡಿರಿ. ಜೇನು ಮನೆಯ ಲಕ್ಷ್ಮಿ, ಕೊಂದರೆ ಪಾಪ, ಅದೂ ಹೆಂಡದ ವಾಸನೆಯ ನೀರಿನಲ್ಲಿ ಮುಳುಗಿಸಿ! ಪೆಟ್ಟಿಗೆಯ ಕೆಳಗೆ ಸತ್ತು, ಬಿಸಿಲಿಗೆ ಒಣಗಿ, ಇರುವೆ ತಿಂದು ಬಿಟ್ಟ ಹುಳುಗಳನ್ನು ಗುಡಿಸಿ, ಅರಿಶಿನ ಸವರಿದ ಕಾಗದದಲ್ಲಿ ಭಕ್ತಿಯಿಂದ ಮಡಚಿ ಕಳಿಸಿದಿರಿ. ಒಳಬರಹ ಅಷ್ಟರಲ್ಲಿ ಚಿಂದಿಯಾಗಿತ್ತು. ಮಾದರಿ ಕೆಟ್ಟಿದೆ, ಓದಲಾಗಲಿಲ್ಲ, ಬೇರೆ ಕಳಿಸಿ ಎಂದು ವರದಿಯ ಮೇಲ್ಗಡೆ ಇತ್ತು. ಪರೋಪಜೀವಿ ಪತ್ತೆಯಾಗಿಲ್ಲ ಎಂದು ಕೊನೆಯ ಸಾಲಿನಲ್ಲಿ ಇತ್ತು. ಆ ಸಾಲಿಗೆ ನೀವು ಕಟ್ಟು ಹಾಕಿಸಿ, ಹಾರ ಹಾಕಿ, ಸಂಘದ ಗೋಡೆಗೆ ನೇತುಹಾಕಿದಿರಿ. ವರ್ಷ ವರ್ಷವೂ ಅದೇ ಪೊಟ್ಟಣ, ಅದೇ ಹಾರ. ನಿಮ್ಮ ದಯೆಗೆ ನನ್ನ ಧಿಕ್ಕಾರ.

ಈಗ ಬರೆಯಲು ಕಾರಣವಿದೆ. ದೂರದ ಬೆಟ್ಟದಲ್ಲಿ ಉಳಿದಿದ್ದ ತುಡುವೆ ಜೇನಿನ ಒಂದು ಕುಟುಂಬವನ್ನು, ಬಹಳ ಬೇಡಿಕೊಂಡ ಮೇಲೆ, ಬೆಟ್ಟದವರು ಹೋದ ವರ್ಷ ನಮ್ಮೂರಿಗೆ ಕೊಟ್ಟರು. ಒಂದೇ ಪೆಟ್ಟಿಗೆ. ಇದು ಸತ್ತರೆ ಇನ್ನೊಂದು ಕೊಡುವುದಿಲ್ಲ. ಈ ಹೂವಾರದಲ್ಲಿ ಹುಳುಗಳು ಹೊಟ್ಟೆ ಉಬ್ಬಿಸಿಕೊಂಡು ಬಾಗಿಲಲ್ಲಿ ತೆವಳತೊಡಗಿದವು. ನಾನು ಸ್ಪಿರಿಟ್ಟಿನ ಸೀಸೆ ಹಿಡಿದು ಕುಳಿತೆ. ಊರೇ ಸುತ್ತ ನಿಂತಿತು. ಆಗ ನನ್ನ ಅತ್ತೆ ಮರಿಸಿದ್ದಮ್ಮ, ಕುಂಚ ಹಿಡಿದೇ ಬೆರಳು ಸೊಟ್ಟಗಾದವರು, ಸೆರಗಿನಿಂದ ಏನನ್ನೋ ತೆಗೆದು ನನ್ನ ಮುಂದೆ ಚಾಚಿದರು. ಅರಿಶಿನದ ಪೊಟ್ಟಣ. "ಬದುಕಿರೋವ್ನ ಯಾಕವ್ವಾ ಕೊಂದೀಯೆ? ಸತ್ತಿರೋವೇ ಇಷ್ಟೊಂದು ಬಿದ್ದವಲ್ಲ, ಇವ್ನೇ ಕಳಿಸ್ಬುಡು" ಎಂದರು.

ನನಗೆ ಮೈಯೆಲ್ಲ ಉರಿಯಿತು, ಅವರ ಮೇಲಲ್ಲ, ನಿಮ್ಮ ಮೇಲೆ. ಪಾಠ ಬಾಯಿಪಾಠವಾಗಿದ್ದರೂ ಕೈ ಮಾತ್ರ ನಿಮ್ಮದೇ ಉಳಿದಿತ್ತು. ಪೊಟ್ಟಣವನ್ನು ಅವರ ಕಣ್ಣೆದುರೇ ಒಲೆಗೆ ಹಾಕಿದೆ. ಪರಾಗ ಹೊತ್ತು ಬಂದ ಹುಳುಗಳನ್ನು ಹಿಡಿಹಿಡಿದು ಸೀಸೆಗೆ ಬಿಟ್ಟೆ. ಒಂದು ಸುತ್ತು ತಿರುಗಿ ಅವು ನಿಂತುಬಿಟ್ಟವು. ನಾನು ಅಳುತ್ತಿದ್ದೆ, ಹಿರಿಯರೇ, ನನಗೇನು ಕರುಳಿಲ್ಲವೆಂದುಕೊಂಡಿರೋ? ಅತ್ತೆ ಅಂದಿನಿಂದ ನನ್ನ ಕೈಯ ನೀರು ಮುಟ್ಟುತ್ತಿಲ್ಲ.

ಸೀಸೆ ಕಳಿಸಿದ್ದ ಬೆಟ್ಟದವರ ಯಂತ್ರದ ಮನೆಯಿಂದ ನಿನ್ನೆ ವರದಿ ಬಂತು. ರೋಗ ಪತ್ತೆಯಾಗಿದೆ. ಇನ್ನೂ ಕೈ ಮೀರಿಲ್ಲ, ಕರುಳಿನ ಮದ್ದು ಹಾಕಿದರೆ ಗೂಡು ಉಳಿಯುತ್ತದೆ ಎಂದಿದ್ದಾರೆ. ಆ ಕಾಗದ ಎದೆಗವಚಿಕೊಂಡು ಕೇರಿಯಲ್ಲೆಲ್ಲ ಓಡಾಡಿದೆ. ಇಂದು ಬೆಳಿಗ್ಗೆ ಮದ್ದು ಕಲಸುವಾಗ ಅತ್ತೆ ಬಂದು ಆ ಸೊಟ್ಟ ಬೆರಳುಗಳಿಂದ ತಟ್ಟೆ ಹಿಡಿದುಕೊಂಡರು.

ನಿಮ್ಮನ್ನು ಕ್ಷಮಿಸಿಲ್ಲ. ಆದರೂ ಈ ಪತ್ರ ತಲುಪುವ ನಿಮ್ಮ ಕಾಲದಲ್ಲಿ ಪೆಟ್ಟಿಗೆಗಳು ಇನ್ನೂ ಮೊರೆಯುತ್ತಿವೆ, ನಿಮಗಿನ್ನೂ ಹೊತ್ತಿದೆ. ಹೇಗಿದ್ದರೂ ನೀವು ಓದುವುದು ಅಷ್ಟನ್ನೇ ತಾನೆ, ಕೊನೆಯ ಸಾಲಿನಲ್ಲೇ ಬರೆಯುತ್ತೇನೆ.

ಒಂದು ಹಿಡಿ ಕೊಲ್ಲಿ.