ಚಿಕ್ಕಮ್ಮನ ಮೂರು ಚೀಟಿಗಳು

ಮಾರ್ಚ್ ೧೧, ಬುಧವಾರ

ಚಿಕ್ಕಮ್ಮನ ಹೊಲಿಗೆ ಅಂಗಡಿಗೆ ಹೋಗಿದ್ದೆ. ನಾನು ಕೊಟ್ಟ ಹಳೆಯ ಲ್ಯಾಪ್‌ಟಾಪಿನ ಮೇಲೆ ಲೈನಿಂಗ್ ಬಟ್ಟೆಯ ರಾಶಿ ಬಿದ್ದಿತ್ತು.

ಗಿರಾಕಿಗಳ ಅಳತೆ ಬರೆದಿಡಲು ಅವರಿಗೊಂದು ಕಂಪ್ಯೂಟರ್ ಬೇಕಿತ್ತು, ಅಷ್ಟೇ. ವಿಂಡೋಸ್ ಬದಲು ಪುಕ್ಕಟೆ ಸಿಗುವ ಲಿನಕ್ಸ್‌ನ ಹಲವು ಬಗೆಗಳಲ್ಲಿ ಹೊಸಬರಿಗೆ ಸುಲಭವಾದದ್ದು ಯಾವುದೆಂದು ಹುಡುಕಿ ಹುಡುಕಿ ನನ್ನ ತಲೆ ಕೆಟ್ಟುಹೋಗಿತ್ತು. ಮೊದಲು ಉಬುಂಟು ಹಾಕಿದೆ. ಮಿಂಟ್ ಇನ್ನೂ ಸುಲಭ ಎಂದು ಯಾರೋ ಬರೆದಿದ್ದರು, ಅದನ್ನು ಹಾಕಿದೆ. ಆಮೇಲೆ ಜೋರಿನ್ ಚೆಂದ ಕಂಡಿತು. ಪ್ರತಿ ಸಲವೂ ಪರದೆಯ ಮೇಲಿನದೆಲ್ಲ ಜಾಗ ಬದಲಿಸುತ್ತಿತ್ತು; ಪ್ರತಿ ಸಲವೂ ಚಿಕ್ಕಮ್ಮ ಎಲ್ಲೆಲ್ಲಿ ಒತ್ತಬೇಕೆಂದು ಚೀಟಿ ಬರೆದು ಪರದೆಯ ಅಂಚಿಗೆ ಅಂಟಿಸಿಕೊಂಡಿದ್ದರು. ಮೂರನೆಯ ಚೀಟಿಯಲ್ಲಿ ಎರಡೇ ಸಾಲು.

“ಇದನ್ನ ಬಳಸ್ತಾ ಇಲ್ವಾ ಚಿಕ್ಕಮ್ಮ?”

“ಕಲಿತಿದ್ದೆ ಕಣೇ. ನೀನು ಬಂದಾಗಲೆಲ್ಲ ಮತ್ತೆ ಮೊದಲಿಂದ ಶುರು ಮಾಡಬೇಕಲ್ಲ. ನನ್ನ ಕೈಲಾಗಲ್ಲ, ನನಗೆ ನೋಟ್‌ಬುಕ್ಕೇ ಸಾಕು,” ಎಂದರು, ಸೂಜಿಗೆ ದಾರ ಪೋಣಿಸುತ್ತ.

ದನಿಯಲ್ಲಿ ಸಿಟ್ಟಿರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಮೊದಲನೆಯ ಚೀಟಿ ಈಗಲೂ ಅಲ್ಲೇ ಇದೆ. ಹನ್ನೊಂದು ಸಾಲು, ಕೊನೆಯಲ್ಲಿ ‘ನನಗೆ ಬಂತು’ ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದಾರೆ. ಅದನ್ನು ಎರಡನೆಯ ಸಲ ಹೋದಾಗಲೇ ಓದಿದ್ದೆ. ಓದಿ, ನಕ್ಕು, ಅದರ ಮುಂದೆಯೇ ಕೂತು ಮಿಂಟ್ ಹಾಕಿದ್ದೆ.